ದೌಂಡಿನಲ್ಲಿ ಇಳಿದು ನೋಡಿದರೆ

ಮುಂಬಯಿ, ಪುಣೆಗಳಿಂದ ಕಲಬುರ್ಗಿ, ರಾಯಚೂರುಗಳ ಕಡೆಗೆ ರೈಲು ಹತ್ತುವ ನಮ್ಮವರಿಗೆಲ್ಲ ದೌಂಡ್ ಜಂಕ್ಷನ್ ಪರಿಚಿತವೇ. ಆದರೆ ಅಲ್ಲಿ ಇಳಿದು ಬಾರಾಮತಿಯ ಗಾಡಿ ಹಿಡಿದವರು ವಿರಳ. ಕಾರುಳ್ಳವರು ಸೋಲಾಪುರದ ಹೆದ್ದಾರಿ ಹಿಡಿದು ಈ ಸೀಮೆಯನ್ನು ದಾಟಿಬಿಡುತ್ತಾರೆ. ಫ್ರಾನ್ಸಿನಲ್ಲಿ ಪ್ರವಾಸಿಗಳು ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಹೋಗಿ, 1681ರಲ್ಲಿ ಮುಗಿದ ಮಿದಿ ಕಾಲುವೆಯ ದಂಡೆಗುಂಟ ತಿರುಗಿ, ಆ ನಾಡಿನ ಚರಿತ್ರೆಯನ್ನು ಅರಿಯುತ್ತಾರೆ. ಹಾಗೆ ಅರಿಯಬೇಕಾದ ಊರು ನಮ್ಮ ಸಮೀಪದಲ್ಲೇ ಇದೆ.

ದೌಂಡ್-ಬಾರಾಮತಿ ರೈಲು ಶುರುವಾದದ್ದು 1914ರಲ್ಲಿ. ಆಗ ಅದು ಎರಡೂವರೆ ಅಡಿ ಅಗಲದ ಸಣ್ಣ ಹಳಿ. ಈಗ ಬ್ರಾಡ್‌ಗೇಜ್ ಆಗಿದೆ. ಇಷ್ಟು ಚಿಕ್ಕ ಊರಿಗೆ ಅಂದು ರೈಲೇಕೆ ಬಂತು? ಕಬ್ಬು ಬೆಳೆದಿತ್ತು, ಬೆಲ್ಲದ ಪೇಟೆ ಬೆಳೆದಿತ್ತು. ಕಬ್ಬು ಬಂದದ್ದು ಕಾಲುವೆಯಿಂದ. ಕಾಲುವೆ ಬಂದದ್ದು ಬರಗಾಲದಿಂದ.

1876-78ರ ಘೋರ ಕ್ಷಾಮ ಪುಣೆ, ಸೋಲಾಪುರ ಜಿಲ್ಲೆಗಳಂತೆಯೇ ನಮ್ಮ ವಿಜಾಪುರ, ಧಾರವಾಡ, ಬಳ್ಳಾರಿಗಳನ್ನೂ ಸುಟ್ಟಿತು. ಆ ಕಾಲದ ಕ್ಷಾಮ ಪರಿಹಾರ ಕಾಮಗಾರಿಗಳಿಂದ ಹುಟ್ಟಿದ್ದು ನೀರಾ ಎಡದಂಡೆ ಕಾಲುವೆ. 1885ರ ಸುಮಾರಿಗೆ ನೀರು ಹರಿಯಿತು. ಭಾಟಘರದ ಕಟ್ಟೆ ಅದರ ಆಸರೆ.

ನೀರು ಬಂದರೆ ಕಷ್ಟವೆಲ್ಲ ತೀರಿತೆಂದಲ್ಲ. ಕಬ್ಬಿನ ಆಸೆಯಿಂದ ನೀರು ಮಿತಿಮೀರಿ ಹರಿಸಿದಲ್ಲಿ ನೆಲ ಜೌಗಾಯಿತು. ಇತರರಿಗೆ ನೀರು ಸಾಲದಾಯಿತು. ಮುಂಬಯಿ ಸರಕಾರದ ಸೇವೆಗೆ 1884ರಲ್ಲಿ ಸೇರಿದ್ದ ಮುದ್ದೇನಹಳ್ಳಿಯ ಎಂಜಿನಿಯರರೊಬ್ಬರು ಇದಕ್ಕೊಂದು ಉಪಾಯ ಹುಡುಕಿದರು. ಅವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿಗೆ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದವಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷಕ್ಕೆ ಸರದಿ ಬದಲು. ಇರುವ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟಬೇಕೆಂಬುದೇ ಇದರ ಉದ್ದೇಶ. ದಖ್ಖನಿನ ಈ ಕಾಲುವೆಗಳ ಮೇಲೆ ನಡೆದ ‘ಬ್ಲಾಕ್ ಪದ್ಧತಿ’ ಇದೇ. ಕನ್ನಂಬಾಡಿಯ ಕೀರ್ತಿಯನ್ನು ಕೊಂಡಾಡುವ ನಾವು, ಪುಣೆಯ ನೆಲದಲ್ಲಿ ಅವರು ಗಳಿಸಿದ ಈ ಅನುಭವವನ್ನು ಮರೆತಿದ್ದೇವೆ.

ಇದನ್ನು ಕಣ್ಣಾರೆ ಕಾಣಬೇಕಾದರೆ ಬಾರಾಮತಿಯಿಂದ ಮೋರಗಾಂವಿಗೆ ಸೈಕಲ್ಲು ತುಳಿಯಬೇಕು. ಕಾಲುವೆಗೂ ನೀರಾ ನದಿಗೂ ನಡುವೆ ಬಾಗಾಯ್ತು, ಕಬ್ಬಿನ ಹಸುರು. ಕಾಲುವೆಯ ಉತ್ತರಕ್ಕೆ ಏರುತ್ತ ಹೋದಂತೆ ಜಿರಾಯ್ತು: ಮಳೆಯನ್ನೇ ನಂಬಿದ ಹೊಲ, ಕಲ್ಲುನೆಲ, ಕುರಿಮಂದೆ. ಕಾರಿನಲ್ಲಿ ಕೆಲವೇ ನಿಮಿಷಗಳಲ್ಲಿ ಕಳೆದುಹೋಗುವ ಈ ವ್ಯತ್ಯಾಸ ಸೈಕಲ್ಲಿನವನ ಕಾಲಿಗೂ ಗಂಟಲಿಗೂ ತಾಗುತ್ತದೆ. ದಣಿದವನಿಗೆ ಕಱ್ಹಾ ನದಿಯ ತೀರದಲ್ಲಿ ಮಯೂರೇಶ್ವರನ ಗುಡಿಯ ನೆರಳಿದೆ.

ಹೊಟ್ಟೆಪಾಡಿಗಾಗಿ ಈ ರಾಜ್ಯಕ್ಕೆ ಬಂದ ನಾವು ಇಲ್ಲಿಯ ರಸ್ತೆಗಳನ್ನು ಬಲ್ಲೆವು, ನೆಲವನ್ನು ಅಷ್ಟಾಗಿ ಅರಿಯೆವು. ಮಕ್ಕಳನ್ನು ಒಮ್ಮೆ ದೌಂಡಿನಲ್ಲಿ ಇಳಿಸೋಣ. ಇರುವ ನೀರನ್ನು ಎಷ್ಟು ಮಂದಿ ಹಂಚಿಕೊಳ್ಳಬೇಕೆಂಬ ಪ್ರಶ್ನೆಯನ್ನು ನಮ್ಮವರೊಬ್ಬರು ಇಲ್ಲಿ ಕೈಗೆತ್ತಿಕೊಂಡಿದ್ದರು. ಆ ಪ್ರಶ್ನೆ ಇಲ್ಲಿಯೂ ನಮ್ಮ ಊರುಗಳಲ್ಲಿಯೂ ಇನ್ನೂ ಮುಗಿದಿಲ್ಲ.