ವಿವಿಧೋದ್ದೇಶ ಶಾಲೆ: ಮೈಸೂರಿನಲ್ಲಿ ಕೈಕೆಲಸದ ಕಲಿಕೆ ನಡೆದು ಬಂದ ದಾರಿ

ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲಿರುವ ಶಾಲೆಯನ್ನು ಮೈಸೂರಿನವರು ಡಿಎಂಎಸ್ ಎಂದು ಕರೆಯುತ್ತಾರೆ. ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್ ಎಂಬುದು ಪೂರ್ತಿ ಹೆಸರು, ಕನ್ನಡದಲ್ಲಿ ಹೇಳುವುದಾದರೆ ಪ್ರಾತ್ಯಕ್ಷಿಕಾ ವಿವಿಧೋದ್ದೇಶ ಶಾಲೆ. ಪ್ರಾತ್ಯಕ್ಷಿಕೆ ಯಾಕೆಂದು ಕೇಳಿದರೆ ಬಿ.ಎಡ್. ಓದಿದ ಯಾರಾದರೂ ಹೇಳಿಯಾರು. ಆದರೆ ಆ 'ವಿವಿಧ' ಉದ್ದೇಶಗಳು ಯಾವುವು? ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳಿಗೆ ಕೈಕೆಲಸ ಕಲಿಸಲು ಈ ಊರಿನಲ್ಲಿ ನಡೆದ ಪ್ರಯತ್ನಗಳ ಚರಿತ್ರೆಯೇ ಈ ಒಂದು ಪದದಲ್ಲಿ ಅಡಗಿದೆ. ಅದನ್ನು ಬಿಡಿಸಬೇಕಾದರೆ ಈ ಶಾಲೆ ಹುಟ್ಟುವುದಕ್ಕೂ ಸುಮಾರು ಅರ್ಧ ಶತಮಾನ ಹಿಂದಕ್ಕೆ, ಸಯ್ಯಾಜಿರಾವ್ ರಸ್ತೆಗೆ ಹೋಗಬೇಕು.

ಈಗ ಕಾವೇರಿ ಎಂಪೋರಿಯಂಗೆ ಹೋಗುವ ಪ್ರವಾಸಿಗರು ಹತ್ತುವ ಮೆಟ್ಟಿಲುಗಳು ಹಿಂದೆ ವಿದ್ಯಾರ್ಥಿಗಳು ಹತ್ತುತ್ತಿದ್ದ ಮೆಟ್ಟಿಲುಗಳು. ಇಲ್ಲಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ, ಮುಂದೆ ಐದನೇ ಜಾರ್ಜ್ ಆದ ವೇಲ್ಸ್ ರಾಜಕುಮಾರ ಅಡಿಗಲ್ಲು ಹಾಕಿದ. ಸಂಸ್ಥೆ ಶುರುವಾದದ್ದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಚಿತ್ರಕಲೆ, ಮರಗೆತ್ತನೆ, ಇನ್ಲೇ, ಲೋಹದ ಕೆಲಸ ಎಲ್ಲವೂ ಒಂದೇ ಸೂರಿನಡಿ ಇದ್ದವು.

ಇನ್ಲೇ ಕೆಲಸವನ್ನು ಹತ್ತಿರ ಕೂತು ನೋಡದೆ ಈ ಶಿಕ್ಷಣದ ಗುಣ ತಿಳಿಯುವುದಿಲ್ಲ. ಮಂಡಿ ಮೊಹಲ್ಲಾದ ಕಾರ್ಖಾನೆಗಳಲ್ಲಿ ಅದನ್ನು ಇಂದಿಗೂ ನೋಡಬಹುದು. ಮೊದಲು ಕಾಗದದ ಮೇಲೆ ನಕಾಶೆ ಬರೆಯುತ್ತಾರೆ. ಅದರ ಒಂದೊಂದು ತುಂಡಿಗೂ ಬಣ್ಣ ನೋಡಿ ಮರ ಆರಿಸುತ್ತಾರೆ, ಹಳದಿ ಬೇಕಾದರೆ ಹಲಸು. ಕೂದಲೆಳೆಯಂಥ ಗರಗಸದಲ್ಲಿ ಆ ತುಂಡುಗಳನ್ನು ಕೊಯ್ದು, ಬೀಟೆಯ ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯ ಒಳಗಷ್ಟೇ ಉಳಿಯಿಂದ ತೋಡಿ, ಅಂಟು ಹಚ್ಚಿ ಕೂರಿಸುತ್ತಾರೆ. ಕೊನೆಗೆ ಉಜ್ಜು ಕಾಗದ, ಪಾಲಿಶ್. ಗೆರೆಯ ಆಚೆಗೆ ಉಳಿ ಒಂದಿಷ್ಟು ಜಾರಿದರೂ ಆನೆಯ ಸೊಂಡಿಲ ಸುತ್ತ ಸಂದು ಕಾಣುತ್ತದೆ, ಅದನ್ನು ಮುಚ್ಚುವ ಪಾಲಿಶ್ ಇಲ್ಲ. ಅಳತೆ, ರೇಖಾಗಣಿತ, ಮರದ ಎಳೆಯ ಜ್ಞಾನ, ತಾಳ್ಮೆ ಇವೆಲ್ಲ ಬೇಡುವ ವಿದ್ಯೆ ಇದು. ಪರೀಕ್ಷೆ ಮಾಡಲು ಮೇಷ್ಟರೂ ಬೇಕಿಲ್ಲ, ಸಂದೇ ಅಂಕ ಹಾಕುತ್ತದೆ.

ಆದರೆ ತಾಂತ್ರಿಕ ಸಂಸ್ಥೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿದ್ದ ಮಹಾರಾಜ ಕಾಲೇಜಿಗೂ ಈ ಸಂಸ್ಥೆಗೂ ನಡುವೆ ದಾರಿ ಇರಲಿಲ್ಲ. ಅಲ್ಲಿ ಪುಸ್ತಕದ ವಿದ್ಯೆ, ಇಲ್ಲಿ ಕಸುಬು. ವಿಶ್ವೇಶ್ವರಯ್ಯನವರು ಮೈಸೂರು ವಿಶ್ವವಿದ್ಯಾನಿಲಯಕ್ಕೂ (1916) ಕಾರಣರಾದರು, 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೂ ಕಾರಣರಾದರು. ಎರಡನ್ನೂ ಕಟ್ಟಿದ ಅವರ ದೂರದೃಷ್ಟಿಯನ್ನು ಹೊಗಳುವವರು ಎರಡೂ ಬೇರೆ ಬೇರೆಯಾಗಿಯೇ ಉಳಿದವೆಂಬುದನ್ನು ಗಮನಿಸುವುದು ಕಡಿಮೆ.

ಈ ಗೋಡೆಯನ್ನು ಶಾಲೆಯೊಳಗೇ ಒಡೆಯಬೇಕೆಂದದ್ದು ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಪ್ರೌಢಶಿಕ್ಷಣ ಆಯೋಗ (1952-53). ಒಂದೇ ಶಾಲೆಯಲ್ಲಿ ಏಳು ವಿಭಾಗಗಳು: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಯಾವ ವಿಭಾಗಕ್ಕೆ ಸೇರಿದರೂ ಒಂದು ಕೈಕಸುಬು ಕಡ್ಡಾಯ. ಇದೇ ವಿವಿಧೋದ್ದೇಶ ಶಾಲೆ. ಶಾಲೆಗಳೇನೋ ತೆರೆದವು, ಲೇತ್ ಮುಂದೆ ನಿಂತು ಕಲಿಸುವ ಮೇಷ್ಟರು ಎಲ್ಲಿಂದ ಬರಬೇಕು? ಪದವಿ ಇದ್ದವರಿಗೆ ಉಳಿ ಹಿಡಿಯಲು ಬಾರದು, ಉಳಿ ಹಿಡಿದವರಿಗೆ ಪದವಿ ಇಲ್ಲ.

ಈ ಕೊರತೆ ನೀಗಿಸಲೆಂದೇ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನದು ಶುರುವಾದದ್ದು 1963ರಲ್ಲಿ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯದ ತಜ್ಞರ ನೆರವಿತ್ತು. ವಿಜ್ಞಾನದ ಜತೆಗೆ ತಂತ್ರಜ್ಞಾನದ ಶಿಕ್ಷಕರನ್ನೂ ನಾಲ್ಕು ವರ್ಷಗಳ ಸಂಯುಕ್ತ ಕೋರ್ಸಿನಲ್ಲಿ ತಯಾರು ಮಾಡುವುದು, ಅವರು ಪಾಠ ಮಾಡಿ ಪಳಗಲು ಪಕ್ಕದಲ್ಲೇ ಒಂದು ಮಾದರಿ ಶಾಲೆ ನಡೆಸುವುದು ಯೋಜನೆ. ಡಿಎಂಎಸ್ ಹುಟ್ಟಿದ್ದು ಹೀಗೆ.

ಕಾಲ ಮಾತ್ರ ಕೂಡಿ ಬರಲಿಲ್ಲ. ಮರುವರ್ಷವೇ ನೇಮಕವಾದ ಕೊಠಾರಿ ಆಯೋಗ, 1966ರ ವರದಿಯಲ್ಲಿ, ಹತ್ತನೆಯ ತರಗತಿಯವರೆಗೆ ಮಕ್ಕಳನ್ನು ವಿಭಾಗಗಳಾಗಿ ಒಡೆಯುವುದೇ ಬೇಡ, ಎಲ್ಲರಿಗೂ ಒಂದೇ ಸಾಮಾನ್ಯ ಶಿಕ್ಷಣವಿರಲಿ, ಅದರಲ್ಲಿ 'ಕಾರ್ಯಾನುಭವ' ಸೇರಲಿ, ವೃತ್ತಿ ವಿಭಾಗ ಆಮೇಲೆ ಬರಲಿ ಎಂದಿತು. ತರ್ಕ ಸರಿಯಾಗಿಯೇ ಇತ್ತು. ಹದಿಮೂರು ವರ್ಷದ ಹುಡುಗನಿಗೆ ನೀನು ಫಿಟ್ಟರ್, ನೀನು ಗುಮಾಸ್ತ ಎಂದು ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ. ಆದರೆ ಮೈಸೂರಿನ ಕಾಲೇಜು ಯಾವ ಶಾಲೆಗಳಿಗಾಗಿ ಶಿಕ್ಷಕರನ್ನು ಕಡೆಯತೊಡಗಿತ್ತೋ ಆ ಶಾಲೆಗಳ ಬುಡವೇ ಮೂರು ವರ್ಷದೊಳಗೆ ಅಲುಗಿತು. ತಂತ್ರಜ್ಞಾನದ ಕೋರ್ಸು ಮುಂದೆ ನಿಂತುಹೋಯಿತು. ವಿಜ್ಞಾನದ್ದು ಇಂದಿಗೂ ನಡೆದಿದೆ, ಹೆಸರೂ ಗಳಿಸಿದೆ. ಕಾಲೇಜು 'ಸಂಸ್ಥೆ'ಯಾಯಿತು, ಶಾಲೆಯ ಬೋರ್ಡಿನಲ್ಲಿ 'ಮಲ್ಟಿಪರ್ಪಸ್' ಹಾಗೇ ಉಳಿಯಿತು.

ಕಾರ್ಯಾನುಭವದ ಕಥೆ ಚಿಕ್ಕದು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ 'ಸಮಾಜೋಪಯೋಗಿ ಉತ್ಪಾದಕ ಕೆಲಸ' ಎಂದು ಹೊಸ ಹೆಸರಿಟ್ಟಿತು, ಇಂಗ್ಲಿಷಿನಲ್ಲಿ ಎಸ್‌ಯುಪಿಡಬ್ಲ್ಯು. ವಿದ್ಯಾರ್ಥಿಗಳು ಅದನ್ನು 'ಸಮ್ ಯೂಸ್‌ಫುಲ್ ಪೀರಿಯಡ್ಸ್ ವೇಸ್ಟೆಡ್' ಎಂದು ಬಿಡಿಸಿ ಓದಿದರು. ಇದಕ್ಕಿಂತ ಚುಟುಕಾದ ಮೌಲ್ಯಮಾಪನ ವರದಿಯನ್ನು ನಾನು ಕಂಡಿಲ್ಲ.

ಹೆಚ್ಚು ಗಂಭೀರವಾದ ಪ್ರಯತ್ನ ನಡೆದದ್ದು ಪಿಯುಸಿ ಮಟ್ಟದಲ್ಲಿ. ಹತ್ತನೆಯ ತರಗತಿಯ ನಂತರದ ವೃತ್ತಿಶಿಕ್ಷಣವನ್ನು ಕರ್ನಾಟಕ 1977-78ರಲ್ಲಿ, ದೇಶದ ಬಹುಪಾಲು ರಾಜ್ಯಗಳಿಗಿಂತ ಮೊದಲೇ ಕೈಗೆತ್ತಿಕೊಂಡಿತು. ಜನರ ಬಾಯಲ್ಲಿ ಅದು ಜೆಓಸಿ, ಅಂದರೆ ಜಾಬ್ ಓರಿಯೆಂಟೆಡ್ ಕೋರ್ಸ್. ವಿದ್ಯುತ್ ಉಪಕರಣಗಳ ರಿಪೇರಿ, ರೇಷ್ಮೆ ಕೃಷಿ, ಹೊಲಿಗೆ, ಲೆಕ್ಕಪತ್ರದಂಥ ಕೋರ್ಸುಗಳು ಜೂನಿಯರ್ ಕಾಲೇಜುಗಳೊಳಗೇ ಬಂದವು. ಗೋಡೆ ಒಡೆದಂತೆ ಕಂಡಿತು. ಆದರೆ ಕಲಿಸುತ್ತಿದ್ದವರಲ್ಲಿ ಹೆಚ್ಚಿನವರು ಅರೆಕಾಲಿಕರು. ಕೋರ್ಸುಗಳು ಮುಚ್ಚಿದ ಮೇಲೆ ಅವರನ್ನು ಸರ್ಕಾರಿ ಸೇವೆಯ ಬೇರೆ ಹುದ್ದೆಗಳಿಗೆ ಸೇರಿಸಿಕೊಳ್ಳಲು ರಾಜ್ಯ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು.

ಮಕ್ಕಳು ಕೈಕೆಲಸಕ್ಕೆ ಹೇಸಿದರು, ತಂದೆತಾಯಿಗೆ ಎಂಜಿನಿಯರಿಂಗ್ ಹುಚ್ಚು ಎಂಬುದು ಕೋರ್ಸುಗಳು ಮುಚ್ಚಿದ್ದಕ್ಕೆ ಎಲ್ಲರೂ ಕೊಡುವ ಕಾರಣ. ನನಗೆ ಇದು ಅರ್ಧ ಸತ್ಯವೆನಿಸುತ್ತದೆ. ಹೆತ್ತವರು ನೋಡಿದ್ದು ಕೆಲಸದ ಘನತೆಗಿಂತ ಹೆಚ್ಚಾಗಿ ಮುಂದಿನ ಬಾಗಿಲನ್ನು. ಪಿಯುಸಿ ಮುಗಿಸಿದವನಿಗೆ ಯಾವ ಡಿಗ್ರಿ ಕಾಲೇಜೂ ನಿನ್ನ ಪಿಯುಸಿ ನಿಜವೇ ಎಂದು ಕೇಳುವುದಿಲ್ಲ. ವೃತ್ತಿ ಕೋರ್ಸಿನವನು ಪ್ರತಿ ಕೌಂಟರಿನಲ್ಲೂ 'ತತ್ಸಮಾನ' ಎಂದು ಸಾಬೀತು ಮಾಡಬೇಕಿತ್ತು. 1986ರ ಶಿಕ್ಷಣ ನೀತಿ 1995ರೊಳಗೆ ಶೇ. 25ರಷ್ಟು ವಿದ್ಯಾರ್ಥಿಗಳು ವೃತ್ತಿ ಕೋರ್ಸಿಗೆ ಬರಲಿ ಎಂದಿತು. 1992ರ ಪರಿಷ್ಕರಣೆಯಲ್ಲಿ ಆ ಗುರಿ 2000ಕ್ಕೆ ಜರುಗಿತು. 2020ರ ನೀತಿ 2025ರೊಳಗೆ ಕನಿಷ್ಠ ಶೇ. 50ರಷ್ಟು ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾದರೂ ಆಗಲಿ ಎಂದಿತು.

ಸಯ್ಯಾಜಿರಾವ್ ರಸ್ತೆಯ ಸಂಸ್ಥೆಯಿಂದ 1980ರ ದಶಕದ ಆರಂಭದಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಮೂಡಿತು. ಅಲ್ಲಿ ಈಗ ಪದವಿ ಸಿಗುತ್ತದೆ, ಹಾಗಾಗಿ ಅದರ ಘನತೆಯ ಬಗ್ಗೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ಜೆಓಸಿಯ ಗುರುತು ಸಿಗಬೇಕಾದರೆ ಸರ್ಕಾರಿ ನೇಮಕಾತಿಯ ಅಧಿಸೂಚನೆಗಳನ್ನು ತೆರೆಯಬೇಕು. 'ವಿದ್ಯಾರ್ಹತೆ' ಎಂಬಲ್ಲಿ, ದ್ವಿತೀಯ ಪಿಯುಸಿಯ ಕೆಳಗೆ, ಯಾವ ಯಾವುದನ್ನು ಅದಕ್ಕೆ ತತ್ಸಮಾನವೆಂದು ಪರಿಗಣಿಸಲಾಗುವುದೆಂಬ ಉದ್ದನೆಯ ವಾಕ್ಯದ ನಡುವೆ, ಆ ಮೂರಕ್ಷರ ಇನ್ನೂ ಅಚ್ಚಾಗುತ್ತಿದೆ.