ಅಂಟೋ, ಅನುವಂಶಿಕವೋ: ಕುಷ್ಠರೋಗ ಪತ್ತೆಯ ಇತಿಹಾಸ

ಕುಷ್ಠರೋಗವನ್ನು ಗುರುತಿಸಿದ ಇತಿಹಾಸ ಬಹುಮಟ್ಟಿಗೆ ಅದನ್ನು ಇತರ ಚರ್ಮವ್ಯಾಧಿಗಳಿಂದ ಬೇರ್ಪಡಿಸಿದ ಇತಿಹಾಸವೇ ಆಗಿದೆ. ಚರಕಸಂಹಿತೆ ಹೆಸರಿಸುವ 18 ಬಗೆಯ ಕುಷ್ಠಗಳಲ್ಲಿ ಇಂದಿನ ಲೆಕ್ಕಕ್ಕೆ ಬೇರೆಯೇ ಆದ ಎಷ್ಟೋ ಚರ್ಮರೋಗಗಳು ಸೇರಿಕೊಂಡಿವೆ. ತೊನ್ನಿಗೂ ಕುಷ್ಠಕ್ಕೂ ಭೇದವೆಣಿಸದೆ ಮದುವೆ ಸಂಬಂಧ ಮುರಿಯುವ ರೂಢಿಯ ಹಿಂದೆಯೂ ಇದೇ ಗೊಂದಲವಿದೆ.

1847ರಲ್ಲಿ ನಾರ್ವೆಯ ಡೇನಿಯಲ್ಸನ್ ಮತ್ತು ಬೆಕ್ ಈ ರೋಗ ವಂಶಪಾರಂಪರ್ಯವಾಗಿ ಬರುತ್ತದೆಂದು ವಾದಿಸಿದರು. ಅದೇ ನಾಡಿನ ಹಾನ್ಸೆನ್ 1873ರಲ್ಲಿ ರೋಗಿಗಳ ಅಂಗಾಂಶದಲ್ಲಿ ಕಡ್ಡಿಯಾಕಾರದ ಜೀವಾಣು ಕಂಡ ಮೇಲೆ ವಾದ ತಿರುಗಿತು. 1890-91ರಲ್ಲಿ ಭಾರತದಲ್ಲಿ ಸಂಚರಿಸಿದ ಕುಷ್ಠರೋಗ ಆಯೋಗವು ರೋಗ ಅನುವಂಶಿಕವಲ್ಲ, ಅಂಟುವುದೂ ಅಲ್ಪವೇ ಎಂದಿತು. ಆದರೂ 1898ರಲ್ಲಿ ಬ್ರಿಟಿಷ್ ಭಾರತದ ಕಾಯ್ದೆ ನಿರ್ಗತಿಕ ರೋಗಿಗಳನ್ನು ಕೂಡಿಹಾಕಲು ಅನುಮತಿಸಿತು. ವಿಜ್ಞಾನಕ್ಕಿಂತ ಭಯವೇ ಬರೆಸಿದ ಈ ಕಾಯ್ದೆ ರದ್ದಾದದ್ದು 2016ರಲ್ಲಿ.

ಬೆಂಗಳೂರಿನಲ್ಲಿ ಈ ರೋಗದ ನೆನಪು ಪಶ್ಚಿಮ ದಿಕ್ಕಿಗೆ ಅಂಟಿಕೊಂಡಿದೆ. ಬಿನ್ನಿಪೇಟೆಗೆ ಹೊಂದಿಕೊಂಡ ಮಾಗಡಿ ರಸ್ತೆಯಲ್ಲಿ ಸರ್ಕಾರಿ ಕುಷ್ಠರೋಗ ಆಸ್ಪತ್ರೆಯಿದೆ. ಅದೇ ರಸ್ತೆಯಲ್ಲಿ ಮುಂದಕ್ಕೆ, 1970ರ ದಶಕದ ಕೊನೆಯಲ್ಲಿ ಸುಮನಹಳ್ಳಿ ಪುನರ್ವಸತಿ ಕೇಂದ್ರ ಹುಟ್ಟಿತು. ಊರಿನ ಅಂಚಾಗಿದ್ದ ಈ ಜಾಗಗಳನ್ನು ಬಡಾವಣೆಗಳು ಆಮೇಲೆ ಸುತ್ತುವರಿದವು.

ಹಾನ್ಸೆನ್ ಕಂಡ ಜೀವಾಣುವನ್ನು ಪ್ರಯೋಗಾಲಯದ ಕೃತಕ ಮಾಧ್ಯಮದಲ್ಲಿ ಬೆಳೆಸಲು ಇಂದಿಗೂ ಆಗಿಲ್ಲ. ಅದು ಇಮ್ಮಡಿಯಾಗಲು ಸುಮಾರು ಎರಡು ವಾರ ಬೇಕು. ಸೋಂಕು ತಗುಲಿ ಲಕ್ಷಣ ತೋರಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷ. ಹೀಗಾಗಿ ಪತ್ತೆಯ ಭಾರ ವೈದ್ಯರ ಕೈಬೆರಳಿನ ಮೇಲೆಯೇ ಉಳಿಯಿತು. ಸ್ಪರ್ಶ ತಿಳಿಯದ ಮಸುಕು ಅಥವಾ ಕೆಂಪು ಮಚ್ಚೆ, ಸ್ಪರ್ಶನಾಶ ಇಲ್ಲವೆ ಸ್ನಾಯುದೌರ್ಬಲ್ಯದೊಡನೆ ದಪ್ಪಗಾದ ನರ, ಕಿವಿಹಾಲೆ ಮೊದಲಾದೆಡೆ ಚರ್ಮ ಸೀಳಿ ತೆಗೆದ ದ್ರವದಲ್ಲಿ ಜೀವಾಣು: ಇವುಗಳಲ್ಲಿ ಒಂದಾದರೂ ಕಂಡರೆ ಸಾಕು. 1966ರಲ್ಲಿ ರಿಡ್ಲಿ ಮತ್ತು ಜಾಪ್ಲಿಂಗ್ ರೋಗಿಯ ರೋಗನಿರೋಧಕ ಶಕ್ತಿಯನ್ನು ಆಧರಿಸಿ ಐದು ವರ್ಗ ಮಾಡಿದರು. ಹಳ್ಳಿಯ ಕಾರ್ಯಕರ್ತರಿಗೆ ಅದು ಭಾರವಾದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಮಚ್ಚೆ ಎಣಿಸುವ ಸರಳ ದಾರಿ ಕೊಟ್ಟಿತು: ಐದರವರೆಗೆ ಒಂದು ವರ್ಗ, ಮೀರಿದರೆ ಇನ್ನೊಂದು.

ಮೋಸ ಹೋಗುವ ಜಾಗ ನರ. 1882ರಲ್ಲಿ ಫಾನ್ ರೆಕ್ಲಿಂಗ್‌ಹೌಸನ್ ವಿವರಿಸಿದ ನ್ಯೂರೋಫೈಬ್ರೊಮಟೋಸಿಸ್‌ನಲ್ಲೂ ಮೈತುಂಬ ಗಂಟುಗಳು, ದಪ್ಪ ನರಗಳು ಕಾಣುತ್ತವೆ. ಅದು ಅನುವಂಶಿಕ, ಅದರ ಮೊದಲ ಬಗೆಗೆ ಕಾರಣವಾದ ವಂಶವಾಹಿ 17ನೇ ವರ್ಣತಂತುವಿನಲ್ಲಿ 1990ರಲ್ಲಿ ಸಿಕ್ಕಿತು. ಬಾಲ್ಯದಿಂದಲೇ ಇರುವ ಕಾಫಿ ಬಣ್ಣದ ಆರು ಅಥವಾ ಹೆಚ್ಚು ಮಚ್ಚೆಗಳು ಅದರತ್ತ ಬೆರಳು ತೋರುತ್ತವೆ; ಅವುಗಳಲ್ಲಿ ಸ್ಪರ್ಶ ಉಳಿದಿರುತ್ತದೆ.

ಸೋತಿದ್ದ ಅನುವಂಶಿಕವಾದದ ಒಂದು ಎಳೆ ಈ ಶತಮಾನದಲ್ಲಿ ಮರಳಿತು. 2001ರಲ್ಲಿ ಜೀವಾಣುವಿನ ಜೀನೋಮ್ ಪ್ರಕಟವಾಯಿತು. 2004 ಮತ್ತು 2009ರ ಅಧ್ಯಯನಗಳು ಕೆಲವು ಮಾನವ ವಂಶವಾಹಿಗಳಿರುವವರು ರೋಗಕ್ಕೆ ಸುಲಭವಾಗಿ ಈಡಾಗುತ್ತಾರೆಂದು ತೋರಿಸಿದವು. ರೋಗ ಅಂಟು, ಅದಕ್ಕೆ ತುತ್ತಾಗುವ ಒಲವು ಮಾತ್ರ ಭಾಗಶಃ ಹುಟ್ಟಿನಿಂದ ಬರುವಂಥದು.

2005ರ ಡಿಸೆಂಬರ್ ಹೊತ್ತಿಗೆ ಭಾರತದಲ್ಲಿ ರೋಗಿಗಳ ಪ್ರಮಾಣ 10,000ಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಅದನ್ನು ನಿರ್ಮೂಲನೆ ಎಂದು ಕರೆದದ್ದು ಅವಸರದ ಮಾತು. ರೋಗ ಅಪರೂಪವಾದಷ್ಟೂ ನರ ಮುಟ್ಟಿ ನೋಡುವ ಕೈಗಳೂ ಅಪರೂಪವಾಗುತ್ತವೆ, ಪತ್ತೆ ತಡವಾಗುತ್ತದೆ. ದೇಶದಲ್ಲಿ ಈಗಲೂ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ.