ಸ್ವೆಟ್ ವಿರುದ್ಧ ಪೇಂಟರ್ ಮೊಕದ್ದಮೆ

ಸ್ವೆಟ್ ವಿರುದ್ಧ ಪೇಂಟರ್ ಎಂಬುದು ವಿಶ್ವವಿದ್ಯಾಲಯ ಪ್ರವೇಶದಲ್ಲಿನ ವರ್ಣಭೇದವನ್ನು ಕುರಿತು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 1950ರ ಜೂನ್ 5ರಂದು ಇತ್ಯರ್ಥಪಡಿಸಿದ ಮೊಕದ್ದಮೆ. ಕಪ್ಪು ಜನಾಂಗದ ಅಭ್ಯರ್ಥಿಯೊಬ್ಬರನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಸೇರಿಸಿಕೊಳ್ಳಬೇಕೆಂದು ಈ ತೀರ್ಪು ವಿಧಿಸಿತು.

ಹಿನ್ನೆಲೆ

ಹೀಮನ್ ಮೇರಿಯನ್ ಸ್ವೆಟ್ (1912–1982) ಹ್ಯೂಸ್ಟನ್ ನಗರದಲ್ಲಿ ಅಂಚೆ ಹಂಚುತ್ತಿದ್ದ ಪದವೀಧರರು. 1946ರ ಫೆಬ್ರವರಿಯಲ್ಲಿ ಅವರು ಆಸ್ಟಿನ್‌ನಲ್ಲಿರುವ ಈ ಶಾಲೆಗೆ ಅರ್ಜಿ ಸಲ್ಲಿಸಿದರು. ಅರ್ಹತೆಯ ಬಗ್ಗೆ ತಕರಾರಿರಲಿಲ್ಲ. ಬಣ್ಣದ ಕಾರಣದಿಂದಲೇ ಅರ್ಜಿ ತಿರಸ್ಕೃತವಾಯಿತು. ಆಗ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಥಿಯೋಫಿಲಸ್ ಪೇಂಟರ್ ಮನುಷ್ಯರ ವರ್ಣತಂತುಗಳನ್ನು ಅಧ್ಯಯನ ಮಾಡಿದ್ದ ಪ್ರಾಣಿಶಾಸ್ತ್ರಜ್ಞರೆಂಬುದು ವಿಪರ್ಯಾಸವೇ ಸರಿ.

1896ರ ಪ್ಲೆಸಿ ತೀರ್ಪಿನಿಂದ 'ಪ್ರತ್ಯೇಕ, ಆದರೆ ಸಮಾನ' ಎಂಬ ತತ್ತ್ವ ಜಾರಿಯಲ್ಲಿತ್ತು. ಆದರೆ ಟೆಕ್ಸಾಸ್‌ನಲ್ಲಿ ಕಪ್ಪು ಜನರಿಗೆಂದು ಕಾನೂನು ಶಾಲೆಯೇ ಇರಲಿಲ್ಲ. ಕೆಳ ನ್ಯಾಯಾಲಯವು ಈ ಕೊರತೆಯನ್ನು ಗುರುತಿಸಿತಾದರೂ ಸ್ವೆಟ್ ಅವರಿಗೆ ಪ್ರವೇಶ ಕೊಡಿಸುವ ಬದಲು ಸರ್ಕಾರಕ್ಕೆ ಆರು ತಿಂಗಳ ಅವಕಾಶ ನೀಡಿತು. ಸರ್ಕಾರವು ಆಸ್ಟಿನ್‌ನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ತರಾತುರಿಯಿಂದ ಶಾಲೆಯೊಂದನ್ನು ತೆರೆಯಿತು. ಅದಕ್ಕೆ ಸ್ವಂತ ಅಧ್ಯಾಪಕರಿರಲಿಲ್ಲ. ತರಿಸಬೇಕಿದ್ದ ಹತ್ತು ಸಾವಿರ ಪುಸ್ತಕಗಳಲ್ಲಿ ಬಂದಿದ್ದವು ಕೆಲವೇ. ಸ್ವೆಟ್ ಅಲ್ಲಿಗೆ ಸೇರಲು ಒಪ್ಪಲಿಲ್ಲ.

ತೀರ್ಪು

ಸ್ವೆಟ್ ಪರವಾಗಿ ಥರ್ಗುಡ್ ಮಾರ್ಷಲ್ ಮೊದಲಾದವರು ವಾದಿಸಿದರು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬರುವ ವೇಳೆಗೆ ಹೊಸ ಶಾಲೆ ಹ್ಯೂಸ್ಟನ್‌ಗೆ ಸ್ಥಳಾಂತರಗೊಂಡು, ಅಲ್ಲಿ 5 ಪೂರ್ಣಾವಧಿ ಪ್ರಾಧ್ಯಾಪಕರು, 23 ವಿದ್ಯಾರ್ಥಿಗಳು ಹಾಗೂ 16,500 ಗ್ರಂಥಗಳಿದ್ದವು. ಆಸ್ಟಿನ್‌ನ ಶಾಲೆಯಲ್ಲಿ 16 ಪೂರ್ಣಾವಧಿ ಪ್ರಾಧ್ಯಾಪಕರು, 850 ವಿದ್ಯಾರ್ಥಿಗಳು, 65,000ಕ್ಕೂ ಹೆಚ್ಚು ಗ್ರಂಥಗಳು. ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ಬರೆದ ಸರ್ವಾನುಮತದ ತೀರ್ಪು ಈ ಎಣಿಕೆಗೇ ನಿಲ್ಲದಿರುವುದು ಅದರ ವಿಶೇಷ. ಅಧ್ಯಾಪಕರ ಖ್ಯಾತಿ, ಹಳೆಯ ವಿದ್ಯಾರ್ಥಿಗಳ ಪ್ರಭಾವ, ಸಂಸ್ಥೆಯ ಪರಂಪರೆ ಇವು ಅಳತೆಗೆ ಸಿಗದಿದ್ದರೂ ಶಾಲೆಯೊಂದರ ಹಿರಿಮೆಯನ್ನು ನಿರ್ಧರಿಸುತ್ತವೆ ಎಂದು ಅದು ಹೇಳಿತು. ಮುಂದೆ ವಕೀಲನಾಗಿ ವ್ಯವಹರಿಸಬೇಕಾದ ನ್ಯಾಯಾಧೀಶರು, ಸಾಕ್ಷಿಗಳು, ಅಧಿಕಾರಿಗಳಲ್ಲಿ ಬಹುಪಾಲು ಜನ ಯಾವ ಸಮುದಾಯದವರೋ ಆ ಶೇ. 85ರಷ್ಟು ಪ್ರಜೆಗಳಿಂದ ವಿದ್ಯಾರ್ಥಿಯನ್ನು ಬೇರ್ಪಡಿಸಿ ಕಾನೂನು ಕಲಿಸಲಾಗದು ಎಂಬುದು ಅದರ ತರ್ಕ. ಶಿಕ್ಷಣದ ಅನುಭವವುಳ್ಳ ಯಾರಿಗೂ ಇದು ಸುಲಭವಾಗಿ ಮನದಟ್ಟಾಗುತ್ತದೆ. ಪ್ಲೆಸಿ ತತ್ತ್ವವನ್ನು ಮಾತ್ರ ನ್ಯಾಯಾಲಯ ಮರುಪರಿಶೀಲಿಸಲಿಲ್ಲ. ಶಾಲಾ ಶಿಕ್ಷಣದಲ್ಲಿ ಅದನ್ನು ತಳ್ಳಿಹಾಕಿದ್ದು 1954ರ ಬ್ರೌನ್ ತೀರ್ಪು.

ತರುವಾಯ

1950ರ ಸೆಪ್ಟೆಂಬರ್‌ನಲ್ಲಿ ಸ್ವೆಟ್ ಶಾಲೆಗೆ ಸೇರಿದರು. ಆ ವೇಳೆಗೆ ವರ್ಷಗಟ್ಟಲೆ ನಡೆದ ವ್ಯಾಜ್ಯ ಅವರ ಆರೋಗ್ಯವನ್ನೂ ಸಂಸಾರವನ್ನೂ ಹದಗೆಡಿಸಿತ್ತು. 1952ರಲ್ಲಿ ಕಾನೂನು ಪದವಿ ಪಡೆಯದೆಯೇ ಹೊರಬಂದ ಅವರು ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಗಳಿಸಿದರು. ಅವರು ಸೇರಲೊಪ್ಪದ ಶಾಲೆ ಇಂದು ಥರ್ಗುಡ್ ಮಾರ್ಷಲ್ ಅವರ ಹೆಸರಿನಲ್ಲಿದೆ. ಆಸ್ಟಿನ್‌ನ ಟ್ರಾವಿಸ್ ಕೌಂಟಿ ನ್ಯಾಯಾಲಯದ ಕಟ್ಟಡಕ್ಕೆ 2005ರಲ್ಲಿ ಸ್ವೆಟ್ ಅವರ ಹೆಸರನ್ನಿಡಲಾಯಿತು.